ಜೋಳದ ರೊಟ್ಟಿ ತಟ್ಟುವಾಗ ಅಂಚು ಹರಿಯುತ್ತೆ. ಆರು ತಿಂಗಳಿಂದ ಕಲಿಯುತ್ತಿದ್ದೇನೆ, ದಾರಿ ಹೇಳಿ

ತಿಪಟೂರಿನ ಮಗಳು · ಸೋಮವಾರ, ಮಧ್ಯಾಹ್ನ 2.10

ಎಲ್ಲರಿಗೂ ನಮಸ್ಕಾರ. ಮಗ ಈಗ ತಾನೇ ಮಲಗಿದ, ಅವನು ಏಳುವಷ್ಟರಲ್ಲಿ ಬರೆದು ಮುಗಿಸಬೇಕು.

ನಾನು ತಿಪಟೂರು ಕಡೆಯವಳು. ಯಜಮಾನರು ಗದಗ ಜಿಲ್ಲೆಯವರು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೆವು, ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದೆವು. ಎರಡನೇ ಮಗು ಆದಾಗ ನಾನು ಕೆಲಸ ಬಿಟ್ಟೆ. ಒಂದು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದೇವೆ. ಮಗಳಿಗೆ ಎಂಟು, ಮಗನಿಗೆ ಮೂರು. ಅತ್ತೆಯವರೂ ಜೊತೆಗಿದ್ದಾರೆ.

ಅತ್ತೆ ಮದುವೆಯಾಗಿ ಬಂದ ದಿನದಿಂದ ರೊಟ್ಟಿ ಬಡಿದವರು. ಹೋದ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದೆ, ತಟ್ಟುವ ಶಕ್ತಿ ವಾಪಸ್ ಬಂದಿಲ್ಲ. ರೊಟ್ಟಿ ಬೇಕು ಅಂತ ಅವರು ಬಾಯಿಬಿಟ್ಟು ಕೇಳಲ್ಲ. ಚಪಾತಿ ಕೊಟ್ಟರೆ ತಿನ್ನುತ್ತಾರೆ. ಆದರೆ ಒಂದಕ್ಕೇ ಸಾಕು ಅಂತಾರೆ. ಊರಲ್ಲಿ ಮೂರು ರೊಟ್ಟಿ ತಿಂದು ಹೊಲಕ್ಕೆ ಹೋಗುತ್ತಿದ್ದವರು. ಅದಕ್ಕೇ ಕಲಿಯೋಣ ಅಂತ ಶುರು ಮಾಡಿದೆ.

ಆರು ತಿಂಗಳಲ್ಲಿ ಮಾಡಿ ನೋಡಿದ್ದು ಇಷ್ಟು. ಬರೀ ಜೋಳದ ಹಿಟ್ಟಿಗೆ ಬೆಚ್ಚಗಿನ ನೀರು ಹಾಕಿ ಕಲಸಿ ತಟ್ಟಿದೆ, ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಸುತ್ತಲೂ ಹರಿಯಿತು. ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಲಟ್ಟಿಸಿದೆ, ದುಂಡಗೆ ಬಂತು, ಹಂಚಿಗೆ ಹಾಕಲು ಎತ್ತಿದಾಗ ಎರಡಾಯಿತು. ಗೋಧಿ ಹಿಟ್ಟು ಬೆರೆಸಿದೆ, ಚೆನ್ನಾಗಿ ಬಂತು. ಅತ್ತೆ ಮೊದಲ ತುತ್ತಿಗೇ "ಗೋಧಿ ಹಾಕೀಯೇನವಾ?" ಅಂದರು. ಬೈಯಲಿಲ್ಲ, ಸುಮ್ನೆ ಕೇಳಿದರು. ಬೀಟ್‌ರೂಟ್ ರಸದಲ್ಲಿ ಕಲಸಿದೆ, ಆ ಕೆಂಪು ರೊಟ್ಟಿಯ ಚೂರನ್ನು ಮಗಳು ಇಷ್ಟಪಟ್ಟು ತಿಂದಳು. ಮಾರನೇ ದಿನ ಶಾಲೆ ಡಬ್ಬಿಗೂ ಅದೇ ಬೇಕು ಅಂದಳು. ಆದರೆ ಅದೂ ಹರಿದದ್ದೇ.

ನಮ್ಮ ಕಡೆ ಮುದ್ದೆ. ಹತ್ತು ಜನಕ್ಕೆ ಗಂಟಿಲ್ಲದೆ ಮುದ್ದೆ ತೊಳಸುತ್ತೇನೆ. ಈ ರೊಟ್ಟಿ ಮಾತ್ರ ಕೈಗೆ ಹತ್ತುತ್ತಿಲ್ಲ. ತಪ್ಪು ಹಿಟ್ಟಿನದಾ, ನೀರಿನದಾ, ನನ್ನ ಕೈಯದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮಲೆನಾಡ ಮಳೆ · 2.31

ನಮ್ಮಲ್ಲಿ ಅಕ್ಕಿ ರೊಟ್ಟಿಗೆ ಹಿಟ್ಟನ್ನು ಉಕ್ಕರಿಸಿಕೊಳ್ತೀವಿ. ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದೋದು. ಜೋಳಕ್ಕೂ ಹಾಗೇ ಮಾಡಿ ನೋಡಿ.

ಬಿಸಿಲೂರಿನ ಅಕ್ಕ · 2.58

ತಂಗಿ, ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳು. ರೊಟ್ಟಿ ಎಲ್ಲಿ ಹರಿಯುತ್ತೆ? ತಟ್ಟುವಾಗ ಅಂಚಿನಲ್ಲಿ ಹರಿಯೋದು ಒಂದು, ಹಂಚಿನ ಮೇಲೆ ನಡುವೆ ಬಿರಿಯೋದು ಇನ್ನೊಂದು. ಎರಡಕ್ಕೂ ಕಾರಣ ಬೇರೆ.

ಅಂಚು ಹರಿಯುತ್ತೆ ಅಂದರೆ ಹಿಟ್ಟಿಗೆ ಜಿಗಿ ಸಾಲದು. ಜೋಳಕ್ಕೆ ಗೋಧಿಯ ಹಾಗೆ ತಾನಾಗಿ ಎಳೆದು ಹಿಡಿಯುವ ಅಂಟು ಇಲ್ಲ. ಆ ಅಂಟನ್ನು ನಾವು ಬಿಸಿನೀರಿನಿಂದ ಹುಟ್ಟಿಸಬೇಕು. ನೀನು ಬೆಚ್ಚಗಿನ ನೀರು ಅಂದಿದ್ದೀಯ. ಬೆಚ್ಚಗಿದ್ದರೆ ಸಾಲದು, ಎಸರು ಕುದಿಯುತ್ತಿರಬೇಕು. ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಂಡಿ ಮಾಡು, ಕುದಿಯುವ ನೀರು ಸುರಿ, ಚಮಚದಿಂದ ಕಲಸಿ ಮುಚ್ಚು. ಐದು ನಿಮಿಷ ಬಿಡು. ಆಮೇಲೆ ತಣ್ಣೀರು ಕೈಯಲ್ಲಿ ಅದ್ದಿಕೊಂಡು ನಾದು. ಒಂದು ರೊಟ್ಟಿಗೆ ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಲ್ಲ ಹಿಟ್ಟು ಒಟ್ಟಿಗೆ ನಾದಿ ಇಟ್ಟರೆ ಕೊನೆಯ ಉಂಡೆ ಹೊತ್ತಿಗೆ ಒಣಗಿರುತ್ತೆ.

ಮುದ್ದೆ ಮಾಡುವ ಕೈಗೆ ಇದು ಹೊಸದಲ್ಲ. ನೀನು ಮುದ್ದೆ ಹಿಟ್ಟನ್ನು ಬೆಚ್ಚಗಿನ ನೀರಿಗೆ ಹಾಕ್ತೀಯಾ? ಇಲ್ಲ ಅಲ್ವಾ?

ತಿಪಟೂರಿನ ಮಗಳು · 3.20

ಅಕ್ಕಾ, ಅಂಚೇ ಹರಿಯೋದು. ಎರಡು ಸಲ ಮಾತ್ರ ಹಂಚಿನ ಮೇಲೂ ಬಿರಿಯಿತು. ಬೆಚ್ಚಗಿನ ನೀರು ಅಂತ ಒಂದು ವಿಡಿಯೋದಲ್ಲಿ ನೋಡಿ ಕಲಿತಿದ್ದೆ. ಮುದ್ದೆಯ ಮಾತು ನೀವು ಹೇಳಿದ ಮೇಲೆ ಹೊಳೆಯಿತು. ಇಷ್ಟು ದಿನ ಎರಡನ್ನೂ ಒಟ್ಟಿಗೆ ಇಟ್ಟು ಯೋಚನೆಯೇ ಮಾಡಿರಲಿಲ್ಲ.

ಮಗ ಎದ್ದ. ರಾತ್ರಿ ಬರ್ತೀನಿ.

ನೇರ ಮಾತು · 4.05

ಹುಬ್ಬಳ್ಳಿಯಲ್ಲಿ ಇದ್ದುಕೊಂಡು ರೊಟ್ಟಿಗೆ ಇಷ್ಟು ಕಷ್ಟ ಯಾಕೆ? ಪ್ರತಿ ಬಡಾವಣೆಯಲ್ಲೂ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಬಿಸಿ ರೊಟ್ಟಿ ಸಿಗುತ್ತೆ, ಕಡಕ್ ರೊಟ್ಟಿ ಸಿಗುತ್ತೆ. ಹತ್ತು ತಂದಿಟ್ಟರೆ ಮುಗಿಯಿತು. ಹಾಗೂ ಮನೆಯಲ್ಲೇ ಮಾಡಬೇಕು ಅಂದರೆ ನಿಮಗೆ ಸಮಯವಂತೂ ಇದೆ, ಕೆಲಸಕ್ಕೆ ಹೋಗುವವರಿಗೆ ಅದೂ ಇಲ್ಲ.

ಎರಡು ಮಕ್ಕಳ ಅಮ್ಮ · 4.11

"ನಿಮಗೆ ಸಮಯವಂತೂ ಇದೆ." ಈ ಮಾತನ್ನು ನಾನು ಏಳು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಅವರು ಬರೆದದ್ದನ್ನು ಇನ್ನೊಂದು ಸಲ ಓದಿ. ಮಗು ಮಲಗಿದೆ, ಏಳುವಷ್ಟರಲ್ಲಿ ಮುಗಿಸಬೇಕು ಅಂದಿದ್ದಾರೆ. ಆಮೇಲೆ ಮಗು ಎದ್ದ, ರಾತ್ರಿ ಬರ್ತೀನಿ ಅಂದಿದ್ದಾರೆ. ಇಡೀ ದಿನದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಗಂಟೆ. ನನ್ನದೂ ಅದೇ ಕಥೆ. ಬೆಳಿಗ್ಗೆ ಐದೂವರೆಗೆ ಏಳ್ತೀನಿ, ತಿಂಡಿ, ಎರಡು ಡಬ್ಬಿ, ಒಬ್ಬನ ಶೂ ಸಿಗಲ್ಲ, ಇನ್ನೊಬ್ಬಳ ಜಡೆ ಆಗಿಲ್ಲ. ಹತ್ತು ಗಂಟೆಗೆ ನಾನು ತಿನ್ನಲು ಕೂರುವಾಗ ದೋಸೆ ತಣ್ಣಗಾಗಿರುತ್ತೆ. ಆಗ ಮನೆ ಗಂಟೆ ಬಾರಿಸುತ್ತೆ, ಗ್ಯಾಸ್ ಬಂತು.

ನೇರ ಮಾತು · 4.19

ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ ಮೇಡಂ. ಕೊಂಡು ತಂದರೆ ಅವರಿಗೆ ವಿಶ್ರಾಂತಿ ಸಿಗುತ್ತೆ ಅನ್ನೋದು ನನ್ನ ಮಾತು.

ಲೆಕ್ಕದ ಮೇಷ್ಟ್ರು · 4.47

ಸಮಯದ ಮಾತು ಬಂತು, ಲೆಕ್ಕ ಹೇಳಿಬಿಡ್ತೀನಿ. ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರು 97 ನಿಮಿಷ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳೋದು ಇದರಲ್ಲಿ ಸೇರಿಲ್ಲ, ಅದು ಬೇರೆ: 134 ಮತ್ತು 76. 2024ರಲ್ಲಿ ಮತ್ತೆ ಮಾಡಿದಾಗ ಮನೆಗೆಲಸದ್ದು 289 ಮತ್ತು 88 ಆಯಿತು. ಹೆಂಗಸರದು ಹತ್ತು ನಿಮಿಷ ಇಳಿದಿದೆ, ಗಂಡಸರದು ಒಂಬತ್ತು ನಿಮಿಷ ಇಳಿದಿದೆ. ಅಂದರೆ ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡಿದ್ದಲ್ಲ.

ಗುಮ್ಮಟದೂರು · 5.30

ನಾನು ವಿಜಯಪುರದವನು, ಪುಣೆಯಲ್ಲಿ ಕೆಲಸ. ಗಂಡಸು. ಒಂಬತ್ತು ವರ್ಷದಿಂದ ನನ್ನ ರೊಟ್ಟಿ ನಾನೇ ಬಡಿಯುತ್ತೇನೆ. ಮದುವೆಯಾದ ಮೇಲೂ ಅದು ನನ್ನ ಕೆಲಸವೇ. ಪಲ್ಯ ಹೆಂಡತಿಯದು, ರೊಟ್ಟಿ ನನ್ನದು.

ಅಕ್ಕನವರು ಎಸರಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನನಗೆ ಅನುಮಾನ ಹಿಟ್ಟಿನ ಮೇಲೆ. ಯಾವ ಹಿಟ್ಟು ತರ್ತೀರಿ? ಪ್ಯಾಕೆಟ್ಟಾ, ಗಿರಣಿಯದಾ? ಪ್ಯಾಕೆಟ್ ಆದರೆ ಹಿಂದೆ ಬೀಸಿದ ತಾರೀಖು ನೋಡಿ. ನಾನು ಪುಣೆಗೆ ಬಂದ ಹೊಸದರಲ್ಲಿ ಮೂರು ತಿಂಗಳು ಹೀಗೇ ಒದ್ದಾಡಿದ್ದೆ. ಊರಿಂದ ಅವ್ವ ಜೋಳ ಕಳಿಸಿದಳು, ಇಲ್ಲೇ ಬೀಸಿಸಿದೆ, ಅವತ್ತೇ ರೊಟ್ಟಿ ಉಬ್ಬಿತು.

ಬಿಸಿಲೂರಿನ ಅಕ್ಕ · 5.44

ಹಿಟ್ಟಿನ ಮೇಲೆ ಎಲ್ಲ ಹೊರಿಸಬೇಡಪ್ಪ. ನಮ್ಮ ಕಲಬುರಗಿಯಲ್ಲಿ ಬೇಸಿಗೆಯಲ್ಲಿ ತಿಂಗಳ ಹಿಟ್ಟಲ್ಲೂ ಮಾಡಿದ್ದೇನೆ. ಎಸರು ಸರಿ ಇದ್ದು, ಕೈ ಕಸುವು ಹಾಕಿ ನಾದಿದರೆ ಆಗುತ್ತೆ.

ಗುಮ್ಮಟದೂರು · 5.52

ನಿಮ್ಮ ಕೈಗೆ ಆಗುತ್ತೆ ಅಕ್ಕಾ. ಕಲಿಯುವವರಿಗೆ ಆಗಲ್ಲ. ಹಳೇ ಹಿಟ್ಟಲ್ಲಿ ಕಲಿಯಲು ಹೋದರೆ ಕೈ ತಪ್ಪಾ, ಹಿಟ್ಟು ತಪ್ಪಾ ಅಂತ ಕೊನೆಗೂ ಗೊತ್ತಾಗಲ್ಲ. ಅವರು ಆರು ತಿಂಗಳು ಕಳೆದದ್ದು ಅಲ್ಲೇ ಇರಬಹುದು.

ಬಿಸಿಲೂರಿನ ಅಕ್ಕ · 5.55

ಈ ಮಾತು ಒಪ್ಪಿದೆ.

ಗಿರಣಿ ಅಣ್ಣ · 7.15

ಹಾವೇರಿ ಜಿಲ್ಲೆಯಲ್ಲಿ ನನ್ನ ಗಿರಣಿ ಇದೆ. ಜೋಳದ ಬಗ್ಗೆ ನನಗೆ ತಿಳಿದದ್ದು ಹೇಳ್ತೀನಿ.

ರೊಟ್ಟಿಗೆ ಹಿಂಗಾರಿ ಬಿಳಿ ಜೋಳವೇ ಬೇಕು. ಅಂಗಡಿಯಲ್ಲಿ ಮಾಲದಂಡಿ ಅಂತ ಕೇಳಿ, ಕೊಡ್ತಾರೆ. ಕರಿ ಮಣ್ಣಲ್ಲಿ ಮಳೆ ಮುಗಿದ ಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ಚಳಿಯ ಇಬ್ಬನಿಯಲ್ಲಿ ಬೆಳೆದು, ಫೆಬ್ರವರಿ, ಮಾರ್ಚಲ್ಲಿ ಕೊಯ್ಲಾಗುತ್ತೆ. ಕಾಳು ಮುತ್ತಿನ ಹಾಗೆ ಇರುತ್ತೆ. ಮುಂಗಾರಿನ ಹೈಬ್ರಿಡ್ ಜೋಳ ಅಗ್ಗ. ಆದರೆ ಕಾಳು ಕಟ್ಟುವಾಗ ಮಳೆಗೆ ಸಿಕ್ಕರೆ ಕಪ್ಪಾಗುತ್ತೆ, ರೊಟ್ಟಿಗೆ ಆ ರುಚಿ ಬರಲ್ಲ.

ಹಿಟ್ಟು ಹಳತಾದರೆ ಯಾಕೆ ಕಹಿ ಅಂತ ಗಿರಾಕಿಗಳು ಕೇಳ್ತಾರೆ. ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇರುತ್ತೆ. ಬೀಸಿದಾಗ ಅದು ಹಿಟ್ಟಲ್ಲಿ ಸೇರುತ್ತೆ, ಗಾಳಿ ತಾಗಿ ದಿನ ಕಳೆದಂತೆ ಮುಗ್ಗುತ್ತೆ. ಕಾಳಾಗಿದ್ದರೆ ವರ್ಷ ಇಡಬಹುದು, ಹಿಟ್ಟು ಹದಿನೈದು ದಿನದೊಳಗೆ ಮುಗಿಸಬೇಕು. ಒಂದು ಸಲಕ್ಕೆ ಎರಡು ಕೆಜಿಗಿಂತ ಜಾಸ್ತಿ ಬೀಸಿಸಬೇಡಿ. ನುಣ್ಣಗೆ ಬೀಸಲು ಹೇಳಿ. ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತೆ, ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತೆ. ಬಟ್ಟೆ ಮೇಲೆ ಹರಡಿ ಆರಿಸಿ, ಆಮೇಲೆ ತುಂಬಿ.

ಡಲ್ಲಾಸ್ ಸೊಸೆ · 7.40

ಗಿರಣಿ ಇರುವವರು ಪುಣ್ಯವಂತರು. ನಮಗಿಲ್ಲಿ ಸಿಗೋದು ಹಡಗಲ್ಲಿ ಬಂದ ಪ್ಯಾಕೆಟ್ ಹಿಟ್ಟು. ಅದಕ್ಕೆ ನಾನು ಮಲೆನಾಡಿನವರು ಹೇಳಿದ ಹಾಗೆ ಉಕ್ಕರಿಸೋದೇ. ಒಂದು ಲೋಟ ನೀರು, ಉಪ್ಪು, ಅರ್ಧ ಚಮಚ ಎಣ್ಣೆ. ಕುದಿ ಬಂದಾಗ ಒಂದು ಲೋಟ ಹಿಟ್ಟು ಸುರಿದು ಒಲೆ ಆರಿಸಿ ಮುಚ್ಚಿಡ್ತೀನಿ. ಕೈ ತಾಳುವಷ್ಟು ಬಿಸಿ ಇರುವಾಗ ಚೆನ್ನಾಗಿ ನಾದಿದರೆ ಲಟ್ಟಿಸಲೂ ಬರುತ್ತೆ. ಅಮ್ಮನ ರೊಟ್ಟಿಯಷ್ಟು ತೆಳ್ಳಗೆ ಬರಲ್ಲ. ಆದರೆ ಹರಿಯಲ್ಲ, ಮಕ್ಕಳು ತಿನ್ನುತ್ತಾರೆ.

ಕೊಡಗಿನ ಕಾಫಿ · 8.02

ನಮ್ಮ ಕಡೆಯ ಅಕ್ಕಿ ರೊಟ್ಟಿಗೆ ‘ಅಕ್ಕಿ ಒಟ್ಟಿ’ ಅಂತೀವಿ. ಅದಕ್ಕೆ ಬೆಂದ ಅನ್ನವನ್ನೇ ಅಕ್ಕಿ ಹಿಟ್ಟಿನ ಜೊತೆ ನಾದೋದು. ಅನ್ನದ ಅಂಟೇ ಹಿಟ್ಟನ್ನು ಹಿಡಿದುಕೊಳ್ಳುತ್ತೆ. ಜೋಳಕ್ಕೆ ಒಂದು ಹಿಡಿ ಮೆತ್ತಗಿನ ಅನ್ನ ಹಿಸುಕಿ ಹಾಕಿದರೆ ಹೇಗೆ? ಯಾರಾದರೂ ಮಾಡಿದ್ದೀರಾ?

ಬಿಸಿಲೂರಿನ ಅಕ್ಕ · 8.10

ಮಾಡಬಹುದು. ಆದರೆ ಅವರ ಅತ್ತೆ ಮೊದಲ ತುತ್ತಿಗೇ ಹೇಳ್ತಾರೆ, ಅನ್ನ ಹಾಕಿದ್ದೀಯ ಅಂತ.

ತಿಪಟೂರಿನ ಮಗಳು · 10.25

ಮಕ್ಕಳು ಮಲಗಿದರು. ಎಲ್ಲವನ್ನೂ ಎರಡು ಸಲ ಓದಿದೆ.

ಗುಮ್ಮಟದೂರಿನವರೇ, ನೀವು ಹೇಳಿದ ಹಾಗೆ ಪ್ಯಾಕೆಟ್ ತಿರುಗಿಸಿ ನೋಡಿದೆ. ನಾಲ್ಕು ತಿಂಗಳ ಹಿಂದಿನದು. ಅಷ್ಟು ದಿನವೂ ನಾನು ನೋಡಿದ್ದು ಕೊನೆಯ ತಾರೀಖನ್ನು ಮಾತ್ರ. ಹಿಟ್ಟನ್ನು ಅತ್ತೆಯವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಹೆಬ್ಬೆರಳು, ತೋರುಬೆರಳ ನಡುವೆ ಒಂದು ಚಿಟಿಕೆ ತಿಕ್ಕಿದರು, ಮೂಗಿನ ಹತ್ತಿರ ಹಿಡಿದರು, ನಾಲಿಗೆಗೆ ಇಟ್ಟರು. "ಇದು ಸತ್ತ ಹಿಟ್ಟವಾ" ಅಂದರು.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀನು ಇಷ್ಟು ಹಂಬಲಿಸಿ ಮಾಡುತ್ತಿದ್ದೀ, ನಾನು ಒಂದು ಅಂದರೆ ಬಿಟ್ಟುಬಿಡ್ತೀಯೇನೋ ಅಂತ ಸುಮ್ಮನಿದ್ದೆ ಅಂದರು. ನಾನು ಅವರು ನೊಂದುಕೊಳ್ಳಬಾರದು ಅಂತ ಕೇಳಿರಲಿಲ್ಲ. ಅವರು ನಾನು ನೊಂದುಕೊಳ್ಳಬಾರದು ಅಂತ ಹೇಳಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಆರು ತಿಂಗಳು.

ನೇರ ಮಾತು ಅವರಿಗೆ: ಕೊಂಡು ತಂದ ರೊಟ್ಟಿಯೂ ನಮ್ಮ ಮನೆಗೆ ಬರುತ್ತೆ. ಮಾಡಿ ಮಾರುವ ಅಕ್ಕನ ಕೈ ಬಹಳ ಚೆನ್ನಾಗಿದೆ. ಅದು ಬೇಡ ಅಂತಲ್ಲ. ಅತ್ತೆ ನನ್ನ ಎರಡೂ ಬಾಣಂತನ ಮಾಡಿದವರು. ಊರು ಬಿಟ್ಟು ಬೆಂಗಳೂರಿಗೆ ಬಂದು ಮೂರು ಮೂರು ತಿಂಗಳು ಇದ್ದರು. ನನಗೆ ಮುದ್ದೆ ಇಷ್ಟ ಅಂತ ಆಗ ಅವರು ಮುದ್ದೆ ಕಲಿತರು. ಮೊದಲ ದಿನ ಗಂಟು ಗಂಟಾಗಿತ್ತು. ಮೂರನೇ ದಿನಕ್ಕೆ ಸರಿಯಾಯಿತು. ಅದು ನನಗೆ ಮರೆತಿಲ್ಲ.

ಎರಡು ಮಕ್ಕಳ ಅಮ್ಮ · 10.33

ಓದಿ ಕಣ್ಣು ತುಂಬಿತು.

ನೇರ ಮಾತು · 10.50

ಈಗ ಅರ್ಥವಾಯಿತು ಮೇಡಂ. ಸಮಯ ಇದೆ ಅಂದದ್ದು ತಪ್ಪು, ಆ ಮಾತು ವಾಪಸ್ ತಗೋತೀನಿ. ನಮ್ಮ ಮನೆಯಲ್ಲಿ ಅಮ್ಮನೂ ಒಬ್ಬರೇ ಎಲ್ಲ ಮಾಡ್ತಾರೆ. ಅವರು ಬೆಳಿಗ್ಗೆ ಎಷ್ಟಕ್ಕೆ ಏಳ್ತಾರೆ ಅಂತ ನನಗೆ ಗೊತ್ತಿಲ್ಲ. ನಾಳೆ ಕೇಳ್ತೀನಿ.

ಸಕ್ಕರೆ ಇಲ್ಲದ ಚಹಾ · ಮಂಗಳವಾರ, ಬೆಳಿಗ್ಗೆ 6.40

ಜೋಳದ ರೊಟ್ಟಿ ಕಲಿಯೋದು ಒಳ್ಳೇದೇ. ಸಕ್ಕರೆ ಕಾಯಿಲೆ ಇರುವವರು ಎಷ್ಟು ಬೇಕಾದರೂ ತಿನ್ನಬಹುದು, ಏನೂ ಆಗಲ್ಲ.

ಆಹಾರ ಓದಿದವಳು · 7.30

ಇದನ್ನು ತಿದ್ದಲೇಬೇಕು. ಎಷ್ಟು ಬೇಕಾದರೂ ಅನ್ನೋದು ಸರಿಯಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಜಾಸ್ತಿ ಇದೆ, ಹೊಟ್ಟೆ ತುಂಬಿದ ಹಾಗೆ ಇರುತ್ತೆ, ನಿಜ. ಆದರೆ ಅದೂ ಪಿಷ್ಟವೇ, ದೇಹದಲ್ಲಿ ಸಕ್ಕರೆಯೇ ಆಗುತ್ತೆ. ಎರಡು ರೊಟ್ಟಿ, ಜೊತೆಗೆ ಕಾಳು, ಸೊಪ್ಪು ಜಾಸ್ತಿ. ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ಬಿಡಬಾರದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲೆ ಜೋಳ, ರಾಗಿ ಬಗ್ಗೆ ಒಳ್ಳೆಯ ಮಾತು ಬಂತು, ಜೊತೆಗೆ ಇಂಥ ಅತಿ ಮಾತುಗಳೂ ಬಂದವು.

ಗೋಧಿಯ ಅಂಟು, ಅಂದರೆ ಗ್ಲುಟನ್, ದೇಹಕ್ಕೆ ಆಗದವರಿಗೆ ಜೋಳ ನಿಜವಾಗಿ ವರ. ಅವರು ಮಾತ್ರ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಬೀಸಿಸದಂತೆ ನೋಡಿಕೊಳ್ಳಬೇಕು.

ಗಿರಣಿ ಅಣ್ಣ · 7.52

ಹೌದು. ಅಂಥವರು ನಮ್ಮಲ್ಲಿ ಇಬ್ಬರಿದ್ದಾರೆ. ಅವರಿಗಾಗಿ ಜೋಳದ ಕಲ್ಲನ್ನು ಬೇರೆಯೇ ಇಟ್ಟಿದ್ದೇನೆ.

ಗುಮ್ಮಟದೂರು · 8.20

ತಿಪಟೂರಿನವರೇ, ಹಂಚಿನ ಮೇಲೆ ಬಿರಿಯೋದಕ್ಕೂ ಹೇಳಿಬಿಡ್ತೀನಿ. ತಟ್ಟುವಾಗ ಕೆಳಗಿದ್ದ, ಒಣ ಹಿಟ್ಟು ಹತ್ತಿದ ಬದಿ ಹಂಚಿನ ಮೇಲೆ ಮೇಲ್ಮುಖ ಬರಬೇಕು. ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿ. ಆ ನೀರು ಪೂರ್ತಿ ಆರುವ ಮುಂಚೆ, ಇನ್ನೂ ಸ್ವಲ್ಪ ಹಸಿ ಕಾಣುವಾಗ ತಿರುವಿ ಹಾಕಬೇಕು. ತಡವಾದರೆ ಮೇಲ್ಮೈ ಕೆರೆಯ ಮಣ್ಣಿನ ಹಾಗೆ ಬಿರಿಯುತ್ತೆ. ಹಂಚು ಚೆನ್ನಾಗಿ ಕಾದಿರಬೇಕು. ಕಾದಿದೆಯಾ ಅಂತ ನೋಡಲು ಒಂದು ಹನಿ ನೀರು ಚಿಮುಕಿಸಿ. ಚುರ್ ಅಂತ ಹಾರಿಹೋಗಬೇಕು.

ಬಿಸಿಲೂರಿನ ಅಕ್ಕ · 8.41

ಇನ್ನೊಂದು. ತಟ್ಟುವಾಗ ಎಡಗೈ ಸುಮ್ಮನೆ ಇರಬಾರದು. ಬಲಗೈ ತಟ್ಟುತ್ತಾ ರೊಟ್ಟಿಯನ್ನು ತಿರುಗಿಸುತ್ತೆ, ಎಡಗೈ ಬೆರಳು ಅಂಚನ್ನು ಒಳಕ್ಕೆ ಒತ್ತುತ್ತಾ ಕಾಯುತ್ತೆ. ಎಡಗೈ ಕಾಯದಿದ್ದರೆ ಎಂಥ ಹಿಟ್ಟಾದರೂ ಅಂಚು ಹರಿಯುತ್ತೆ. ಇದನ್ನು ಬರೆದು ಹೇಳೋದು ಕಷ್ಟ. ಅತ್ತೆಯವರ ಎಡಗೈ ಚೆನ್ನಾಗಿದೆ ಅಲ್ವಾ? ಪಕ್ಕದಲ್ಲಿ ಕೂರಿಸಿಕೋ.

ಮಲೆನಾಡ ಮಳೆ · 9.05

ಒಂದು ಅನುಮಾನ. ಹರಿದ ರೊಟ್ಟಿಗಳನ್ನೆಲ್ಲ ಏನು ಮಾಡ್ತೀರಿ? ಇವರ ಮನೆಯಲ್ಲಿ ಆರು ತಿಂಗಳದ್ದು ಎಷ್ಟಾಗಿರಬೇಡ.

ಗುಮ್ಮಟದೂರು · 9.12

ಮುಟಗಿ! ಬಿಸಿ ರೊಟ್ಟಿಯನ್ನು ಚೂರು ಮಾಡಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟೋದು. ಚಳಿಗಾಲದ ಬೆಳಿಗ್ಗೆಗೆ ಇದರ ಮುಂದೆ ಯಾವುದೂ ಇಲ್ಲ. ಮಕ್ಕಳಿಗೆ ಮೆಣಸಿನಕಾಯಿ ಬಿಟ್ಟು ಬೆಲ್ಲ, ತುಪ್ಪ ಹಾಕಿ ಕೊಡಿ.

ಎರಡು ಮಕ್ಕಳ ಅಮ್ಮ · 9.20

ಬೆಲ್ಲ ತುಪ್ಪದ್ದು ಇವತ್ತೇ ಮಾಡ್ತೀನಿ. ನನ್ನ ಚಿಕ್ಕವನು ತಿಂಡಿ ಅಂದರೆ ಬಾಯಿ ಬಿಗಿದುಕೊಳ್ತಾನೆ.

ಗದ್ದೆ ಬದು · 9.48

ಜೋಳದ ಮಾತು ಬಂದಾಗ ಸೀತನಿ ನೆನಪಾಯಿತು. ಜನವರಿಯಲ್ಲಿ ತೆನೆ ಹಾಲುಗಾಳು ಇರುವಾಗ ಹೊಲದಲ್ಲೇ ಬೆಂಕಿ ಹಾಕಿ ಸುಟ್ಟು, ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿಂತಿದ್ದೆವು. ಅಂಗೈ ಕಪ್ಪಾಗಿರುತ್ತಿತ್ತು. ಬೆಂಗಳೂರಲ್ಲಿ ಹುಟ್ಟಿದ ನನ್ನ ಮಕ್ಕಳು ಜೋಳದ ಗಿಡವನ್ನೇ ನೋಡಿಲ್ಲ. ಮೆಕ್ಕೆಜೋಳ ತೋರಿಸಿ ಇದಾ ಅಂತಾರೆ.

ತಿಪಟೂರಿನ ಮಗಳು · 1.55

ಈ ಜನವರಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗ್ತೀವಿ. ಅತ್ತೆಯವರ ಹೊಲ ಇನ್ನೂ ಇದೆ, ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿದ್ದಾರೆ. ನಿಮ್ಮ ಮಕ್ಕಳನ್ನೂ ಒಮ್ಮೆ ಕಳಿಸಿ.

ಇವತ್ತು ಬೆಳಿಗ್ಗೆ ಮಗನನ್ನು ಎತ್ತಿಕೊಂಡು ಕಾಳಿನ ಅಂಗಡಿಗೆ ಹೋಗಿ ಎರಡು ಕೆಜಿ ಮಾಲದಂಡಿ ತಂದೆ. ಅತ್ತೆ ಮೊರದಲ್ಲಿ ಕೇರಲು ಕೂತರು. ಬಲಗೈ ನೋಯುತ್ತೆ ಅಂತ ಎಡಗೈಯಲ್ಲೇ ಕಲ್ಲು ಆರಿಸಿದರು. ಸಂಜೆ ಗಿರಣಿ.

ಎರಡು ಮಕ್ಕಳ ಅಮ್ಮ · 2.02

ಎಷ್ಟು ರೊಟ್ಟಿ ಆಯಿತು, ಎಷ್ಟು ಹರಿಯಿತು, ಎಲ್ಲ ಬರೆಯಿರಿ. ಕಾಯ್ತಿರ್ತೀನಿ.

ಕೊಡಗಿನ ಕಾಫಿ · ಬುಧವಾರ, ಮಧ್ಯಾಹ್ನ 12.15

ಏನಾಯಿತು?

ತಿಪಟೂರಿನ ಮಗಳು · ಬುಧವಾರ, ರಾತ್ರಿ 9.40

ಒಂಬತ್ತು ಮಾಡಿದೆ. ನಾಲ್ಕು ಹರಿಯಿತು. ಐದು ಹರಿಯಲಿಲ್ಲ.

ನಿನ್ನೆ ಗಿರಣಿಯಿಂದ ಬರುವಾಗಲೇ ಏಳೂವರೆ ಆಗಿತ್ತು. ಹಿಟ್ಟು ಹರಡಿ ಆರಿಸಿ ಮಲಗಿದೆವು. ಇವತ್ತು ಸಂಜೆ ಯಜಮಾನರು ಬೇಗ ಬಂದರು, ಮಗನನ್ನು ಅವರು ನೋಡಿಕೊಂಡರು. ನನ್ನ ಪಕ್ಕ ಅತ್ತೆ ಮಣೆ ಹಾಕಿಕೊಂಡು ಕೂತರು. ಎಸರು ಕುದಿಯಿತು, ಗುಂಡಿಗೆ ಸುರಿದೆ, ಮುಚ್ಚಿದೆ. ತೆಗೆದಾಗ ಹೊಸ ಜೋಳದ ವಾಸನೆ ಮನೆ ತುಂಬಾ ಬಂತು. ಇಷ್ಟು ದಿನ ಆ ವಾಸನೆ ಬಂದಿರಲೇ ಇಲ್ಲ. ಹಾಲ್‌ನಲ್ಲಿ ಓದುತ್ತಿದ್ದ ಮಗಳು "ಅಜ್ಜಿ ಊರಿನ ವಾಸನೆ" ಅಂತ ಎದ್ದು ಬಂದಳು.

ನಾದುವಾಗ ಗೊತ್ತಾಯಿತು. ಹಳೇ ಹಿಟ್ಟು ಕೈಗೆ ಮರಳಿನ ಹಾಗೆ ಸಿಗುತ್ತಿತ್ತು, ಇದು ಬೆರಳಿಗೆ ಹತ್ತಿಕೊಂಡು ಎಳೆಯುತ್ತೆ. ಆದರೂ ಮೊದಲ ಮೂರು ಹರಿಯಿತು. ನಾಲ್ಕನೆಯದಕ್ಕೆ ಅತ್ತೆ ಮಾತಾಡದೆ ತಮ್ಮ ಎಡಗೈಯನ್ನು ನನ್ನ ಎಡಗೈ ಮೇಲೆ ಇಟ್ಟರು. ನಾನು ತಟ್ಟಿದೆ, ಅವರ ಬೆರಳು ನನ್ನ ಬೆರಳನ್ನು ಒತ್ತುತ್ತಾ ಅಂಚು ಕಾಯುತ್ತಾ ಬಂತು. ಬಿಸಿಲೂರಿನ ಅಕ್ಕಾ, ನೀವು ಬರೆದು ಹೇಳೋದು ಕಷ್ಟ ಅಂದಿರಲ್ಲ, ಅದು ಇದೇ. ನಾನು ಇಷ್ಟು ದಿನ ಅಂಚನ್ನು ಹೊರಕ್ಕೆ ಎಳೆಯುತ್ತಿದ್ದೆ.

ಆ ರೊಟ್ಟಿ ತಟ್ಟೆಯಷ್ಟು ಅಗಲವಾಯಿತು. ನೀರು ಸವರಿದೆ, ಹಸಿ ಇರುವಾಗಲೇ ತಿರುವಿದೆ, ಬಟ್ಟೆಯಿಂದ ಅಂಚು ಒತ್ತಿದೆ. ಒಂದು ಕಡೆಯಿಂದ ಶುರುವಾಗಿ ಪೂರ್ತಿ ಉಬ್ಬಿತು. ಮಗಳು ಚಪ್ಪಾಳೆ ಹೊಡೆದಳು. ಆರನೆಯದು ಮತ್ತೆ ಹರಿಯಿತು, ಅದು ಅವಸರ ಮಾಡಿದ್ದಕ್ಕೆ.

ಪಲ್ಯ ಎಣ್ಣೆಗಾಯಿ. ಶೇಂಗಾ, ಗುರೆಳ್ಳು ಹಾಕಿದ ಅವರ ಕಡೆಯದು, ಜೊತೆಗೆ ನಮ್ಮ ಕಡೆಯ ಒಂದು ಹಿಡಿ ಕೊಬ್ಬರಿ. ಅತ್ತೆ ರೊಟ್ಟಿ ಮುರಿದು ತಿಂದರು. ಹೇಗಿದೆ ಅಂತ ನಾನು ಕೇಳಲಿಲ್ಲ. ತಟ್ಟೆ ಮುಂದಕ್ಕೆ ಸರಿಸಿ "ಇನ್ನೊಂದು ನೀಡವಾ" ಅಂದರು.

ಹರಿದ ಮೂರು ಮುಟಗಿ ಆಯಿತು, ಬೆಲ್ಲ ತುಪ್ಪ ಹಾಕಿ. ಮಗ ಎರಡು ಉಂಡೆ ತಿಂದ. ಇನ್ನೊಂದನ್ನು ಯಜಮಾನರು ಪಲ್ಯದ ಜೊತೆ ತಿಂದು ನಾಳೆ ತಾವೂ ತಟ್ಟಿ ನೋಡ್ತೀನಿ ಅಂದಿದ್ದಾರೆ.

ಎರಡು ಮಕ್ಕಳ ಅಮ್ಮ · 9.44

ನನ್ನ ಚಿಕ್ಕವನೂ ತಿಂದ ಕಣ್ರೀ! ನಿನ್ನೆ ಒಂದು ಉಂಡೆ, ಇವತ್ತು ಒಂದೂವರೆ.

ನೇರ ಮಾತು · 9.51

ಖುಷಿಯಾಯಿತು ಮೇಡಂ. ಅಮ್ಮನನ್ನು ಕೇಳಿದೆ. ನಾಲ್ಕೂ ಮುಕ್ಕಾಲಿಗೆ ಏಳ್ತಾರಂತೆ.

ಗುಮ್ಮಟದೂರು · 10.02

ಯಜಮಾನರಿಗೆ ಹೇಳಿ, ಮೊದಲ ವಾರ ಕೈ ಸುಡುತ್ತೆ, ಬಿಡಬೇಡಿ ಅಂತ.

ಬಿಸಿಲೂರಿನ ಅಕ್ಕ · 10.08

ಕೊಬ್ಬರಿ ಹಾಕಿದ ಎಣ್ಣೆಗಾಯಿ ನಮ್ಮಲ್ಲೂ ಮಾಡ್ತಾರೆ, ಒಣ ಕೊಬ್ಬರಿ ಹುರಿದು. ನೀನು ಹಸೀದು ಹಾಕಿದೆಯಾ, ಒಣದಾ? ಹಿಟ್ಟು ಎಷ್ಟು ಉಳಿದಿದೆ?

ತಿಪಟೂರಿನ ಮಗಳು · 10.15

ಒಣದ್ದೇ ಅಕ್ಕಾ, ತಿಪಟೂರಿಂದ ಅಮ್ಮ ಕಳಿಸಿದ್ದು. ಹಿಟ್ಟು ಇನ್ನೂ ಒಂದೂವರೆ ಕೆಜಿ ಇದೆ.

ಗಿರಣಿ ಅಣ್ಣ · 10.21

ಹದಿನೈದು ದಿನದೊಳಗೆ ಮುಗಿಸಿ. ಡಬ್ಬಿ ಮೇಲೆ ತಾರೀಖು ಬರೆದಿಡಿ.